ಮೊಟ್ಟೆಯೊಳಗೊಂದು ಆಸನ, ಎಸಳ ಮರೆಯಲ್ಲೊಂದು ದೀಪ

ಮನೆಯಲ್ಲಿರುವ ಪದಾರ್ಥಗಳಲ್ಲೆಲ್ಲ ಬಹು ನಾಜೂಕಾದದ್ದು ಯಾವುದೆಂದು ಕೇಳಿದರೆ ಅನೇಕರು ಕೋಳಿಮೊಟ್ಟೆಯ ಹೆಸರನ್ನೇ ಹೇಳಿಯಾರು. ಆದರೆ ಅದನ್ನು ಅಂಗೈಯಲ್ಲಿಟ್ಟುಕೊಂಡು, ಉಂಗುರ ತೊಡದ ಬೆರಳುಗಳಿಂದ ಎಲ್ಲ ಕಡೆಗೂ ಸಮನಾಗಿ ಅದುಮಿ ನೋಡಬೇಕು. ಬಲವಾದ ಆಳಿಗೂ ಅದು ಸುಲಭದಲ್ಲಿ ಮಣಿಯುವುದಿಲ್ಲ. ಅರ್ಧ ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಸುಣ್ಣದ ಪದರಿಗೆ ಈ ಶಕ್ತಿ ಬಂದದ್ದು ಅದರ ಆಕಾರದಿಂದ. ಮೇಲೆ ಬಿದ್ದ ಭಾರ ಒಂದೆಡೆ ನಿಲ್ಲದೆ ಬಾಗಿದ ಮೈಯುದ್ದಕ್ಕೂ ಹರಿದು ಹಂಚಿಹೋಗುತ್ತದೆ. ಅದೇ ಮೊಟ್ಟೆಯನ್ನು ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿದರೆ ಸಾಕು, ಒಡೆಯುತ್ತದೆ. ಒಳಗಿರುವ ಮರಿಯ ಎಳೆಯ ಕೊಕ್ಕಿಗೂ ಒಡೆಯುತ್ತದೆ. ತಾಯಿಹಕ್ಕಿಯ ಭಾರಕ್ಕೆ ಕೋಟೆಯಾಗಿ, ಮರಿಗೆ ಬಾಗಿಲಾಗಿ ನಿಲ್ಲುವ ಈ ಚಿಪ್ಪಿನ ಜಾಣತನಕ್ಕೆ ಸೋಜಿಗಪಡದವರಾರು?

ಚಿಪ್ಪು, ಗೂಡು, ಮೊಗ್ಗು, ಕೋಶ—ಇವೆಲ್ಲವೂ ಸೃಷ್ಟಿಯು ತನ್ನ ಎಳೆಯ ಜೀವಗಳನ್ನು ಕಾಪಾಡುವುದಕ್ಕಾಗಿ ಕಟ್ಟಿದ ಮನೆಗಳು. ಕಳೆದ ಶತಮಾನದ ನಡುಭಾಗದಲ್ಲಿ ಯೂರೋಪು ಅಮೆರಿಕಗಳ ಕೆಲವು ಶಿಲ್ಪಿಗಳು ಈ ಆಕಾರಗಳನ್ನೇ ಹಿಡಿದು ಕುರ್ಚಿಗಳನ್ನೂ ದೀಪಗಳನ್ನೂ ಮಾಡಿದರು. ಅವುಗಳ ನಕಲುಗಳು ಇಂದು ನಮ್ಮ ಪೇಟೆಯ ಅಂಗಡಿಗಳಲ್ಲಿಯೂ, ಹೋಟೆಲುಗಳ ಮುಂಗೋಣೆಗಳಲ್ಲಿಯೂ, ಬಹುಮಹಡಿ ಮನೆಗಳ ಬಾಲ್ಕನಿಗಳಲ್ಲಿಯೂ ಧಾರಾಳವಾಗಿ ಕಾಣಸಿಗುತ್ತವೆ. ಕಂಡವರು “ವಿಚಿತ್ರವಾಗಿದೆ” ಎಂದೋ “ಚೆನ್ನಾಗಿದೆ” ಎಂದೋ ಹೇಳಿ ಮುಂದೆ ಸಾಗುತ್ತಾರೆ. ಇವು ಯಾರನ್ನು, ಯಾವುದರಿಂದ ಕಾಪಾಡಲು ಹುಟ್ಟಿದವು ಎಂಬುದನ್ನು ಕೇಳುವವರು ವಿರಳ. ನಮಗಾದರೋ ಅದೇ ಮುಖ್ಯವಾದ ಪ್ರಶ್ನೆಯಾಗಿ ತೋರುತ್ತದೆ.

ಮರೆಯುಳ್ಳ ಆಸನ ಇವರು ಕಂಡುಹಿಡಿದದ್ದೇನೂ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಗಳುಂಟು. ಗಾಳಿಯ ಹೊಡೆತಕ್ಕೆ ಅಲ್ಲಿ ಮರ ಬೆಳೆಯುವುದು ಕಷ್ಟ. ಅಲ್ಲಿನ ಜನ ಕಡಲು ತಂದೊಗೆದ ಮರದ ತುಂಡುಗಳಿಂದ ಚೌಕಟ್ಟು ಮಾಡಿ, ಓಟ್ಸ್ ಬೆಳೆಯ ಹುಲ್ಲನ್ನು ಹೊಲಿದು ಎತ್ತರವಾದ ಬೆನ್ನನ್ನೂ, ಕೆಲವೊಮ್ಮೆ ತಲೆಯ ಮೇಲೊಂದು ಮುಸುಕನ್ನೂ ಇಟ್ಟು ಕುರ್ಚಿ ಮಾಡುತ್ತಿದ್ದರು. ಸಂದಿಗಳಿಂದ ನುಗ್ಗುವ ಚಳಿಗಾಳಿಗೆ ಅದು ತಡೆ. ನಮ್ಮ ಮಲೆನಾಡಿನಲ್ಲಿ ಗದ್ದೆಯ ಕೆಲಸದವರು ಮಳೆಗಾಲದಲ್ಲಿ ಬೆನ್ನಿಗೆ ಹೊದೆಯುತ್ತಿದ್ದ ಗೊರಬನ್ನು ನೋಡಿದ್ದವರಿಗೆ ಈ ಆಕಾರ ಹೊಸದಲ್ಲ. ಗೊರಬಿಗೆ ನಾಲ್ಕು ಕಾಲು ಹಚ್ಚಿದರೆ ಆರ್ಕ್ನಿಯ ಕುರ್ಚಿಯೇ ಆದೀತು! ಜರ್ಮನಿಯ ರೋಸ್ಟಾಕ್ ಪಟ್ಟಣದಲ್ಲಿ ೧೮೮೨ರಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬಳು ವಿಲ್ಹೆಲ್ಮ್ ಬಾರ್ಟೆಲ್‌ಮಾನ್ ಎಂಬ ಬುಟ್ಟಿ ಹೆಣೆಯುವವನ ಬಳಿಗೆ ಹೋಗಿ, ಗಾಳಿ ಬಿಸಿಲುಗಳು ತಾಗದಂತೆ ಕಡಲತೀರದಲ್ಲಿ ಕುಳಿತುಕೊಳ್ಳಲು ಏನಾದರೊಂದು ಮಾಡಿಕೊಡೆಂದು ಕೇಳಿದಳು. ಅವನು ದೊಡ್ಡ ಬುಟ್ಟಿಯೊಂದನ್ನು ನಿಲ್ಲಿಸಿ ಒಳಗೆ ಆಸನವಿಟ್ಟುಕೊಟ್ಟ. ಆ ಬಗೆಯ ಬುಟ್ಟಿ-ಕುರ್ಚಿಗಳು ಇಂದಿಗೂ ಬಾಲ್ಟಿಕ್ ತೀರದಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಒಬ್ಬಾಕೆಯ ನೋವು, ಒಬ್ಬ ಮೇದಾರನ ಕೈಚಳಕ; ಒಳ್ಳೆಯ ಪೀಠೋಪಕರಣದ ಹುಟ್ಟಿಗೆ ಇಷ್ಟು ಸಾಕಾಯಿತು.

ಇನ್ನು ಹೊಸ ಕಾಲದ ಮಾತಿಗೆ ಬರೋಣ. ಅಮೆರಿಕದ ಫ್ಲಾರೆನ್ಸ್ ನೋಲ್ ಎಂಬಾಕೆ ಗಂಡನೊಡನೆ ಪೀಠೋಪಕರಣಗಳ ಸಂಸ್ಥೆಯನ್ನು ನಡೆಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಆಕೆ ತಮ್ಮ ಸ್ನೇಹಿತ, ವಾಸ್ತುಶಿಲ್ಪಿ ಈರೋ ಸಾರಿನೆನ್ ಅವರಲ್ಲಿ ಒಂದು ಬೇಡಿಕೆ ಇಟ್ಟರು. ನೆಟ್ಟಗೆ ಕೂರಿಸುವ ಕುರ್ಚಿಗಳು ಸಾಕಾಗಿವೆ. ದಿಂಬುಗಳನ್ನು ತುಂಬಿದ ದೊಡ್ಡ ಬುಟ್ಟಿಯಂತಹದು, ಕಾಲುಗಳನ್ನು ಮೇಲೆತ್ತಿ ಮುದುಡಿ ಕುಳಿತುಕೊಳ್ಳುವಂತಹದು ಬೇಕು ಎಂಬುದು ಆ ಬೇಡಿಕೆ. ಆಕೆಯ ಬಾಲ್ಯವನ್ನು ಬಲ್ಲವರಿಗೆ ಈ ಮಾತು ಸ್ವಲ್ಪ ಬೇರೆಯಾಗಿಯೇ ಕೇಳಿಸುತ್ತದೆ. ಐದನೆಯ ವಯಸ್ಸಿಗೆ ತಂದೆಯನ್ನೂ ಹನ್ನೆರಡನೆಯ ವಯಸ್ಸಿಗೆ ತಾಯಿಯನ್ನೂ ಕಳೆದುಕೊಂಡ ಹುಡುಗಿ ಆಕೆ. ವಸತಿಶಾಲೆಯಲ್ಲಿ ಓದುತ್ತಿದ್ದಾಗ ಅಕ್ಕರೆಯಿಂದ ಹತ್ತಿರ ಸೇರಿಸಿಕೊಂಡು ಮನೆಮಗಳಂತೆ ನೋಡಿಕೊಂಡವರು ಈ ಸಾರಿನೆನ್ ಅವರ ತಂದೆತಾಯಿಗಳೇ. ಇದಕ್ಕೂ ಅದಕ್ಕೂ ಗಂಟುಹಾಕುವ ಅಧಿಕಾರ ನಮಗಿಲ್ಲ. ಆದರೂ ಮನಸ್ಸು ಗಂಟುಹಾಕದೆ ಬಿಡುವುದಿಲ್ಲ.

ಸಾರಿನೆನ್ ಚಿಪ್ಪಿನಾಕಾರವನ್ನು ಬರೆದುಕೊಟ್ಟರು. ಆದರೆ ಮೊಟ್ಟೆಯ ಒಂದು ಪಕ್ಕವನ್ನು ಕತ್ತರಿಸಿ ತೆಗೆದರೆ ಅದರ ಬಲ ಅಂಚಿನಲ್ಲಿಯೇ ಸೋರಿಹೋಗುತ್ತದೆ. ಮರದಲ್ಲಿ ಅಂತಹ ಮೈಯನ್ನು ಬಗ್ಗಿಸುವುದು ದುಸ್ಸಾಧ್ಯ. ಕಡೆಗೆ ಇವರು ಹುಡುಕಿಕೊಂಡು ಹೋದದ್ದು ನ್ಯೂಜೆರ್ಸಿಯ ಒಬ್ಬ ದೋಣಿ ಕಟ್ಟುವವನನ್ನು. ಅವನು ಗಾಜಿನ ನಾರಿಗೆ ರಾಳವನ್ನು ಬೆರೆಸಿ ದೋಣಿ ಮಾಡುವ ಪ್ರಯೋಗದಲ್ಲಿದ್ದ. ಕುರ್ಚಿ ಎಂದಾಗ ಅವನಿಗೆ ನಂಬಿಕೆ ಹುಟ್ಟಲಿಲ್ಲ. ಕಾಡಿ ಬೇಡಿ ಒಪ್ಪಿಸಿದರಂತೆ. ನಾರು ಮತ್ತು ಅಂಟು ಎರಡೂ ಸೇರಿ ಒಂದೊಂದಕ್ಕಿಲ್ಲದ ಗಟ್ಟಿತನವನ್ನು ಪಡೆಯುವುದು ಇಲ್ಲಿಯ ಉಪಾಯ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಬೆರಳಲ್ಲಿ ಹಿಡಿದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳುವು ತನ್ನ ಬಾಯಿಂದ ನೂರಾರು ಮೀಟರು ಉದ್ದದ ಎಳೆಯನ್ನೂ ಅದರೊಂದಿಗೆ ಗೋಂದನ್ನೂ ಹೊರಹಾಕಿ, ಸುತ್ತಲೂ ಸುತ್ತಿಕೊಂಡು ಅದನ್ನು ಕಟ್ಟುತ್ತದೆ. ಗೋಂದು ಒಣಗಿದ ಮೇಲೆ ಗೂಡು ಕಾಗದದಷ್ಟು ಹಗುರ, ಆದರೆ ಹಿಸುಕಿದರೆ ಎದುರು ನಿಲ್ಲುತ್ತದೆ. ಬಿಸಿನೀರಿನಲ್ಲಿ ಗೋಂದು ಸಡಿಲವಾದಾಗಲೇ ಎಳೆ ಬಿಡುವುದು. ದೋಣಿಗಾರನು ಗಾಜಿನಲ್ಲಿ ಮಾಡಿದ್ದು ಇದನ್ನೇ.

೧೯೪೮ರಲ್ಲಿ ಮಾರುಕಟ್ಟೆಗೆ ಬಂದ ಆ ಕುರ್ಚಿಗೆ ಸಂಸ್ಥೆಯ ಪಟ್ಟಿಯಲ್ಲಿ ೭೦ ಎಂಬ ಸಂಖ್ಯೆ. ಜನರ ಬಾಯಲ್ಲಿ ಉಳಿದ ಹೆಸರು ‘ವೂಂಬ್ ಚೇರ್’, ಅಂದರೆ ಗರ್ಭಕುರ್ಚಿ. ತಾಯಿಯ ಒಡಲನ್ನು ಬಿಟ್ಟುಬಂದ ಮೇಲೆ ಮನುಷ್ಯರಲ್ಲಿ ಅನೇಕರಿಗೆ ನೆಮ್ಮದಿಯೆಂಬುದೇ ದೊರೆತಿಲ್ಲವೆಂದು ಸಾರಿನೆನ್ ಹೇಳುತ್ತಿದ್ದರು. ಅಲ್ಲಿನವರಿಗೆ ಈ ಹೆಸರು ಒಂದಿಷ್ಟು ಮುಜುಗರದ್ದಾಗಿ ಕಂಡರೂ ಕನ್ನಡಿಗರಿಗೆ ಹಾಗೆ ಅನಿಸಬೇಕಾಗಿಲ್ಲ. ದೇವಾಲಯದ ಒಳಗಿನ ಒಂದೇ ಬಾಗಿಲಿನ ಕತ್ತಲ ಕೋಣೆಯನ್ನು ಗರ್ಭಗುಡಿಯೆಂದೇ ಕರೆಯುತ್ತ ಬಂದವರು ನಾವು. ೧೯೫೯ರಲ್ಲಿ ನಾರ್ಮನ್ ರಾಕ್‌ವೆಲ್ ಎಂಬ ಚಿತ್ರಕಾರರು ಅಮೆರಿಕದ ಪ್ರಸಿದ್ಧ ವಾರಪತ್ರಿಕೆಯೊಂದರ ಮುಖಪುಟಕ್ಕೆ ಈ ಕುರ್ಚಿಯನ್ನು ಬರೆದರು. ಹೆಂಡತಿ ಮಕ್ಕಳು ಹಬ್ಬದ ಉಡುಪು ತೊಟ್ಟು ಮೂಗು ಮೇಲೆತ್ತಿ ಇಗರ್ಜಿಗೆ ಹೊರಟಿದ್ದಾರೆ. ಮನೆಯ ಯಜಮಾನ ಮಾತ್ರ ರಾತ್ರಿಯ ಉಡುಪಿನಲ್ಲಿಯೇ ವೃತ್ತಪತ್ರಿಕೆಯ ಹಾಳೆಗಳ ನಡುವೆ ಈ ಚಿಪ್ಪಿನೊಳಗೆ ಕುಗ್ಗಿ, ಅವರ ಕಣ್ಣಿಗೆ ಬೀಳದಂತೆ ಅಡಗಿದ್ದಾನೆ. ಕುರ್ಚಿಯ ಗುಣವನ್ನು ಇದಕ್ಕಿಂತ ಚೆನ್ನಾಗಿ ಯಾವ ಜಾಹೀರಾತೂ ಹೇಳಿರಲಾರದು.

ಡೆನ್ಮಾರ್ಕಿನ ಕತೆ ಇನ್ನೂ ಗಾಢವಾದದ್ದು. ಅಲ್ಲಿನ ಆರ್ನೆ ಯಾಕೋಬ್ಸನ್ ಎಂಬ ವಾಸ್ತುಶಿಲ್ಪಿ ಕೋಪನ್‌ಹೇಗನ್ ನಗರದ ಎಸ್.ಎ.ಎಸ್. ರಾಯಲ್ ಹೋಟೆಲನ್ನು ಕಟ್ಟಿದರು. ೧೯೬೦ರಲ್ಲಿ ತೆರೆದ ಆ ಕಟ್ಟಡ ಗಾಜು ಉಕ್ಕುಗಳ ನೇರವಾದ ಪೆಟ್ಟಿಗೆ. ಒಂದು ಡೊಂಕೂ ಇಲ್ಲ. ಅಂತಹ ವಿಶಾಲವಾದ ಮುಂಗೋಣೆಯಲ್ಲಿ ಊರೂರುಗಳಿಂದ ಬಂದ ಪ್ರಯಾಣಿಕ ಎಲ್ಲರ ಕಣ್ಣಿಗೂ ಬಿದ್ದು ಕುಳಿತುಕೊಳ್ಳಬೇಕಾದೀತಲ್ಲ? ಅದಕ್ಕಾಗಿ ಅವರು ತಮ್ಮ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಶಿಲ್ಪಿಗಳಂತೆ ಕೈಯಿಂದಲೇ ಮಾದರಿಗಳನ್ನು ತಿದ್ದಿ ತಿದ್ದಿ ೧೯೫೮ರಲ್ಲಿ ‘ಎಗ್’ ಎಂಬ ಕುರ್ಚಿಗೆ ರೂಪ ಕೊಟ್ಟರು. ಎತ್ತರದ ಬೆನ್ನು ಎರಡು ಪಕ್ಕಕ್ಕೂ ಬಾಗಿ ಬಂದು ಕಿವಿಗಳನ್ನು ಮರೆಮಾಡುತ್ತದೆ. ಇಡೀ ಕುರ್ಚಿ ಒಂದು ಗೂಟದ ಮೇಲೆ ತಿರುಗುತ್ತದೆಯಾದ್ದರಿಂದ, ಕುಳಿತವನು ಬೇಕೆಂದಾಗ ಜಗತ್ತಿಗೆ ಮುಖ ಕೊಡಬಹುದು, ಬೇಡವೆಂದಾಗ ಬೆನ್ನು ತಿರುಗಿಸಬಹುದು. ಹೋಟೆಲಿನ ಉಳಿದ ಭಾಗ ಕಾಲಕ್ರಮದಲ್ಲಿ ಬದಲಾಯಿತಾದರೂ ೬೦೬ನೆಯ ಕೋಣೆಯೊಂದನ್ನು ಅವರ ಏರ್ಪಾಡಿನಂತೆಯೇ ಉಳಿಸಿಕೊಂಡಿದ್ದಾರೆ.

ಯಾಕೋಬ್ಸನ್ ಯೆಹೂದ್ಯ ವಂಶದವರು. ೧೯೪೩ರಲ್ಲಿ ನಾಜಿಗಳು ಡೆನ್ಮಾರ್ಕಿನ ಯೆಹೂದ್ಯರನ್ನು ಸೆರೆಹಿಡಿಯಲು ಹೊರಟಾಗ ಏಳು ಸಾವಿರಕ್ಕೂ ಮಿಕ್ಕ ಜನ ಕಡಲ್ಗಾಲುವೆಯನ್ನು ದಾಟಿ ಸ್ವೀಡನ್ ಸೇರಿ ಜೀವ ಉಳಿಸಿಕೊಂಡರು. ಯಾಕೋಬ್ಸನ್ ದಂಪತಿಗಳು ದಾಟಿದ್ದು ಹುಟ್ಟುಹಾಕುವ ಚಿಕ್ಕ ದೋಣಿಯೊಂದರಲ್ಲಿ. ಅದೇ ದೋಣಿಯಲ್ಲಿ ಮಡದಿಯೊಡನೆ ಇದ್ದವರು ಪೌಲ್ ಹೆನ್ನಿಂಗ್‌ಸನ್, ಡೆನ್ಮಾರ್ಕಿನ ದೀಪಶಿಲ್ಪಿಗಳಲ್ಲಿ ಅಗ್ರಗಣ್ಯರು. ಮುಂದೆ ಮೊಟ್ಟೆಯಂತಹ ಕುರ್ಚಿಯನ್ನು ಮಾಡಲಿದ್ದವರೂ, ಎಸಳುಗಳ ಮರೆಯಲ್ಲಿ ದೀಪವನ್ನು ಇಡಲಿದ್ದವರೂ ಒಂದೇ ದೋಣಿಯಲ್ಲಿ ಆಶ್ರಯವನ್ನರಸಿ ಹೊರಟಿದ್ದರು. ಆ ರಾತ್ರಿಯೇ ಈ ಆಕಾರಗಳಿಗೆ ಬೀಜವೆಂದು ಬರೆದರೆ ಕತೆ ಚೆನ್ನಾಗಿ ಕೂಡಿಬಂದೀತು. ಆದರೆ ಹೆನ್ನಿಂಗ್‌ಸನ್ ಅವರು ಮರೆಯ ವಿಷಯವನ್ನು ಕೈಗೆತ್ತಿಕೊಂಡದ್ದು ಅದಕ್ಕೂ ಹದಿನೆಂಟು ವರ್ಷ ಮುಂಚೆ.

ಅವರು ಬೆಳೆದದ್ದು ಸೀಮೆಎಣ್ಣೆಯ ದೀಪದ ಮೆತ್ತನೆಯ ಬೆಳಕಿನಲ್ಲಿ. ವಿದ್ಯುತ್ತು ಬಂದ ಮೇಲೆ ಮನೆಮನೆಯಲ್ಲಿ ತೂಗಿದ ಬೆತ್ತಲೆ ಬಲ್ಬು ಕಣ್ಣಿಗೆ ಇರಿಯುವುದನ್ನು ಕಂಡು ಅವರು ಸಹಿಸಲಾರದೆ ಹೋದರು. ೧೯೨೫ರ ಸುಮಾರಿಗೆ ಒಂದರ ಕೆಳಗೊಂದು ಮೂರು ಮುಚ್ಚಳಗಳುಳ್ಳ ದೀಪವನ್ನು ರೂಪಿಸಿದರು. ಆ ಮುಚ್ಚಳಗಳ ಬಾಗು ಶಂಖ, ಬಸವನಹುಳುಗಳ ಚಿಪ್ಪಿನಲ್ಲಿ ನಾವು ಕಾಣುವ ಸುರುಳಿಯ ಲೆಕ್ಕಕ್ಕೆ ಸೇರಿದ್ದು. ಆ ಬಾಗಿನ ವಿಶೇಷವೇನೆಂದರೆ, ನಡುವಿನಿಂದ ಹೊರಟ ಬೆಳಕು ಅದರ ಯಾವ ಜಾಗಕ್ಕೆ ತಾಗಿದರೂ ಒಂದೇ ಓರೆಯಲ್ಲಿ ತಾಗುತ್ತದೆ. ಹೀಗಾಗಿ ಬೆಳಕು ಕಲೆಕಲೆಯಾಗದೆ ಹದವಾಗಿ ಹರಡುತ್ತದೆ. ಜರ್ಮನರ ಆಕ್ರಮಣದ ಕಾಲದಲ್ಲಿ, ೧೯೪೧ರಲ್ಲಿ, ಕೋಪನ್‌ಹೇಗನ್ನಿನ ಟಿವೊಲಿ ಎಂಬ ವಿಹಾರೋದ್ಯಾನಕ್ಕೆ ಅವರು ಮಾಡಿಕೊಟ್ಟ ದೀಪ ಇನ್ನೂ ಜಾಣತನದ್ದು. ಕೆಳಗೆ ನಡೆಯುವವರಿಗೆ ಬೆಳಕು ಬೀಳಬೇಕು, ಮೇಲೆ ಹಾರುವ ವಿಮಾನಕ್ಕೆ ಅದು ಕಾಣಬಾರದು! ಊರೆಲ್ಲ ಕತ್ತಲೆಯಲ್ಲಿ ಮುಳುಗಿದ್ದಾಗಲೂ ಆ ಉದ್ಯಾನ ನಡುರಾತ್ರಿಯವರೆಗೆ ತೆರೆದಿರಲು ಈ ದೀಪಗಳಿಂದ ಸಾಧ್ಯವಾಯಿತು. ೧೯೫೮ರಲ್ಲಿ ಅದೇ ನಗರದ ಕಡಲಂಚಿನ ಉಪಾಹಾರಗೃಹವೊಂದಕ್ಕೆ ಅವರು ಮಾಡಿದ ‘ಆರ್ಟಿಚೋಕ್’ ದೀಪದಲ್ಲಿ ಹನ್ನೆರಡು ಸುತ್ತುಗಳಲ್ಲಿ ೭೨ ತಾಮ್ರದ ಎಸಳುಗಳು. ನಮ್ಮ ತಾವರೆಮೊಗ್ಗಿನಂತೆ ಎಸಳಿನ ಮೇಲೆಸಳು. ಯಾವ ಕಡೆಯಿಂದ ಇಣುಕಿದರೂ ಬಲ್ಬು ಕಾಣಸಿಗದು. ಬೆಳಕು ಮಾತ್ರ ಎಸಳಿನಿಂದೆಸಳಿಗೆ ಇಳಿಯುತ್ತ ಮೇಜಿಗೆ ಬಂದು ಸೇರುತ್ತದೆ.

ಇಲ್ಲಿ ಸೂಕ್ಷ್ಮವೊಂದಿದೆ. ಮೊಗ್ಗಿನ ಎಸಳು ಕಾಪಾಡುವುದು ಒಳಗಿರುವುದನ್ನು. ದೀಪದ ಎಸಳು ಕಾಪಾಡುವುದು ಹೊರಗಿರುವವರ ಕಣ್ಣನ್ನು. ಆಕಾರವನ್ನು ಸೃಷ್ಟಿಯಿಂದ ಕಡ ತಂದ ಮೇಲೂ ಅದರ ಕೆಲಸವನ್ನು ತಾನೇ ಯೋಚಿಸಿ ತಿರುಗಿಸಬಲ್ಲವನೇ ನಿಜವಾದ ಶಿಲ್ಪಿ. ಮುತ್ತಿನ ಚಿಪ್ಪಿನಂತೆ ಕಾಣುತ್ತದೆಂಬ ಒಂದೇ ಕಾರಣಕ್ಕೆ ಸಾವಿರಾರು ರೂಪಾಯಿ ಬೆಲೆಯ ದೀಪಗಳು ಅಂಗಡಿಗಳಲ್ಲಿ ತೂಗುತ್ತಿರುತ್ತವೆ. ಕೆಳಗೆ ಕುಳಿತರೆ ಎಲ್.ಇ.ಡಿ.ಯ ಉರಿಚುಕ್ಕೆ ನೆಟ್ಟಗೆ ಕಣ್ಣಿಗೆ ಬೀಳುತ್ತದೆ. ಅದನ್ನು ಚಿಪ್ಪೆಂದು ಕರೆಯಲು ನಮಗೆ ಮನಸ್ಸು ಬಾರದು.

ಗೂಡಿನ ಆಕಾರದ ದೀಪಗಳಲ್ಲಿ ಇನ್ನೆರಡನ್ನು ಹೆಸರಿಸದೆ ಬಿಡುವಂತಿಲ್ಲ. ಅಮೆರಿಕದ ಜಾರ್ಜ್ ನೆಲ್ಸನ್ ತಮ್ಮ ಕಚೇರಿಗೆ ಸ್ವೀಡನ್ನಿನ ರೇಷ್ಮೆಹೊದಿಕೆಯ ಗುಂಡುದೀಪವೊಂದನ್ನು ಕೊಳ್ಳಬೇಕೆಂದು ಹೋಗಿ, ೧೨೫ ಡಾಲರ್ ಎಂಬ ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗಿದರು. ಯುದ್ಧ ಮುಗಿದು ಮೂಲೆಗೆ ಸೇರುತ್ತಿದ್ದ ಹಡಗುಗಳ ಮೇಲೆ ಬಲೆ ಹರಡಿ, ಜೇಡರ ನೂಲಿನಂತೆ ಹೆಣೆದುಕೊಳ್ಳುವ ಪ್ಲಾಸ್ಟಿಕ್ಕನ್ನು ಚಿಮುಕಿಸಿ ಮುಚ್ಚುತ್ತಿದ್ದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದು ಅವರಿಗೆ ನೆನಪಾಯಿತು. ತಂತಿಯ ಪಂಜರಕ್ಕೆ ಅದನ್ನೇ ಚಿಮುಕಿಸಿದರು. ಗುಳ್ಳೆಯಂತಹ ದೀಪ ಸಿದ್ಧವಾಯಿತು. ಇಟಲಿಯಲ್ಲಿ ಕಾಸ್ತಿಲ್ಯೋನಿ ಸಹೋದರರು ಇದೇ ಉಪಾಯದಿಂದ ೧೯೬೦ರಲ್ಲಿ ‘ತರಾಕ್ಸಾಕುಂ’ ಮೊದಲಾದ ದೀಪಗಳನ್ನು ಮಾಡಿದರು. ಜಪಾನಿನ ಗಿಫು ಪಟ್ಟಣದಲ್ಲಿ ಬಿದಿರಿನ ಕಡ್ಡಿಗೆ ಹಿಪ್ಪುನೇರಳೆಯ ಜಾತಿಯ ಗಿಡದ ತೊಗಟೆಯ ಕಾಗದ ಅಂಟಿಸುವ ಹಳೆಯ ಕಸುಬನ್ನು ಕಂಡು ಶಿಲ್ಪಿ ಇಸಾಮು ನೊಗುಚಿ ೧೯೫೧ರಿಂದ ರಚಿಸಿದ ‘ಅಕಾರಿ’ ದೀಪಗಳು ಇವೆಲ್ಲಕ್ಕಿಂತ ಹಗುರ, ಮಡಿಸಿ ಲಕೋಟೆಯಲ್ಲಿಡಬಹುದು. ಅಕಾರಿ ಎಂದರೆ ಜಪಾನೀ ಭಾಷೆಯಲ್ಲಿ ಬೆಳಕು. ನಮ್ಮ ಅಭಿರುಚಿಗೆ ಈ ಕಾಗದದ ದೀಪವೇ ಹೆಚ್ಚು ಹಿತ.

ಮರೆಯೂ ಅತಿಯಾಗಬಹುದೆಂಬುದಕ್ಕೆ ಫಿನ್‌ಲೆಂಡಿನ ಈರೋ ಆರ್ನಿಯೊ ಅವರ ‘ಬಾಲ್ ಚೇರ್’ ನಿದರ್ಶನ. ೧೯೬೩ರಲ್ಲಿ ತಮ್ಮ ಹೊಸ ಮನೆಗೊಂದು ದೊಡ್ಡ ಕುರ್ಚಿ ಬೇಕಾಗಿ ಅವರು ಗೋಡೆಗೆ ಹಾಳೆ ಅಂಟಿಸಿ, ತಾವು ಕುಳಿತಂತೆ ನಿಂತರು. ತಲೆ ಎಲ್ಲಿಯವರೆಗೆ ಆಡುತ್ತದೆಂದು ಹೆಂಡತಿ ಗೆರೆ ಎಳೆದರು. ಮನೆಯ ಬಾಗಿಲೊಳಗೆ ಹಿಡಿಸಬೇಕೆಂಬುದೇ ಅದರ ಗಾತ್ರಕ್ಕೆ ಮಿತಿ. ಹೊರಗಿನ ಸದ್ದು ಅದರೊಳಗೆ ಅಡಗುತ್ತದೆ; ತಮ್ಮ ಕುರ್ಚಿಯೊಳಗೆ ಅವರು ದೂರವಾಣಿಯನ್ನೂ ಇರಿಸಿಕೊಂಡಿದ್ದರು. ೧೯೬೬ರಲ್ಲಿ ಜರ್ಮನಿಯ ಕೊಲೋನ್ ಪ್ರದರ್ಶನದಲ್ಲಿ ಅದು ಮನೆಮಾತಾಯಿತು. ಆದರೆ ಒಳಗೆ ಓದಲು ಬೆಳಕು ಸಾಲದು. ಅದಕ್ಕೆಂದು ೧೯೬೮ರಲ್ಲಿ ಪಾರದರ್ಶಕವಾದ ಗುಳ್ಳೆಯೊಂದನ್ನು ಮಾಡಿ, ಅದಕ್ಕೊಪ್ಪುವ ಪಾರದರ್ಶಕ ಕಾಲು ಸಿಗದ ಕಾರಣ ಸೂರಿನಿಂದಲೇ ತೂಗುಹಾಕಿದರು. ಇದಕ್ಕೂ ಮುಂಚೆ, ೧೯೫೯ರಲ್ಲಿ, ಡೆನ್ಮಾರ್ಕಿನ ನಾನ್ನಾ ಡಿಟ್ಸೆಲ್ ತಮ್ಮ ಪತಿಯೊಡನೆ ಬೆತ್ತದ ತೂಗುಮೊಟ್ಟೆಯನ್ನು ರೂಪಿಸಿದ್ದರು. ನಮ್ಮ ಬಾಲ್ಕನಿಗಳಲ್ಲಿ ತೂಗುವ ಬೆತ್ತದ ಉಯ್ಯಾಲೆ-ಕುರ್ಚಿಗಳು ಈ ಮನೆತನಕ್ಕೆ ಸೇರಿದವು. ಗೀಜಗನ ಗೂಡನ್ನು ಕಂಡವರಿಗೆ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆಂಬುದು ಬೇರೆ ಮಾತು.

ಈ ಉಯ್ಯಾಲೆ-ಕುರ್ಚಿಯ ವಿಷಯವಾಗಿಯೇ ಬೆಂಗಳೂರಿನ ವಾಚಕಿಯೊಬ್ಬರು ನಮಗೆ ಬರೆದಿದ್ದಾರೆ. ಎರಡು ಮಲಗುವ ಕೋಣೆಗಳ ಮನೆ. ಒಂದು ದಂಪತಿಗಳಿಗೆ, ಒಂದು ಓದುವ ಮಕ್ಕಳಿಗೆ. ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ಊರ ಮನೆಗೆ ಬೀಗ ಹಾಕಿ ಇವರೊಡನೆ ಬಂದಿದ್ದಾರೆ, ವಯಸ್ಸು ಎಪ್ಪತ್ತೇಳು. ಊರಿನಲ್ಲಿ ಅವರಿಗೆ ಜಗಲಿಯ ಕಂಬದ ಮೂಲೆಯೊಂದಿತ್ತು. ಇಲ್ಲಿ ನಡುಮನೆಯ ಪ್ಲಾಸ್ಟಿಕ್ ಕುರ್ಚಿ. ಒಂದು ಕಡೆ ಟೆಲಿವಿಷನ್, ಒಂದು ಕಡೆ ಅಡುಗೆಮನೆಯ ದಾರಿ. ಯಾರು ಹಾದುಹೋದರೂ ಮಾವನವರು ಕುರ್ಚಿಯನ್ನು ಈಚೆಗೆ ಸರಿಸಿ, “ಹೋಗಮ್ಮ, ಹೋಗು” ಎಂದು ದಾರಿ ಬಿಡುತ್ತಾರೆ. “ಅವರು ನಮ್ಮ ಮನೆಯಲ್ಲಿ ದಿನವೆಲ್ಲ ದಾರಿ ಬಿಡುತ್ತಲೇ ಇದ್ದಾರೆ. ಬಾಲ್ಕನಿಗೆ ಒಂದು ತೂಗುಮೊಟ್ಟೆ ತರಿಸೋಣವೆಂದು ಯಜಮಾನರು ಹೇಳುತ್ತಾರೆ. ‘ನನಗೇಕೆ ಇವೆಲ್ಲ’ ಎಂದು ಮಾವನವರು ಒಪ್ಪುತ್ತಿಲ್ಲ. ತರಿಸಬಹುದೆ?” ಎಂಬುದು ಆಕೆಯ ಪ್ರಶ್ನೆ.

ತಾಯಿ, ತರಿಸಬೇಡಿ. ಯಜಮಾನರ ಮನಸ್ಸು ದೊಡ್ಡದು, ಆದರೆ ಆರಿಸಿದ ಗೂಡು ಮಕ್ಕಳದು. ಕೂರುವಾಗಲೂ ಏಳುವಾಗಲೂ ಹಿಂದಕ್ಕೆ ಜಾರುವ ಆಸನದಿಂದ ಎಪ್ಪತ್ತೇಳರ ಮೊಣಕಾಲು ಎದ್ದು ನಿಲ್ಲುವುದು ಅಪಾಯಕರ. ಮೇಲೆ ಹೇಳಿದ ಸುಪ್ರಸಿದ್ಧ ಕುರ್ಚಿಗಳೂ ಇದಕ್ಕೆ ಹೊರತಲ್ಲ. ಗರ್ಭಕುರ್ಚಿಯ ಆಸನ ನೆಲದಿಂದ ಹದಿನಾರೇ ಅಂಗುಲ. ಅದರಲ್ಲಿ ಮುದುಡಲು ಹಿತ, ಏಳಲು ಕಷ್ಟ. ಮಿಗಿಲಾಗಿ ಗಾಜಿನ ನಾರು, ಸ್ಪಂಜು, ಚರ್ಮಗಳ ಚಿಪ್ಪು ಕೋಪನ್‌ಹೇಗನ್ನಿನ ಚಳಿಗೆ ಹೇಳಿಮಾಡಿಸಿದ್ದು. ನಮ್ಮ ಏಪ್ರಿಲ್ ಮಾಸದಲ್ಲಿ ಬೆನ್ನು ಬೆವರದೆ ಇರದು. ಬೆತ್ತವಾದರೆ ಗಾಳಿಯಾಡುತ್ತದೆ.

ಇನ್ನೊಂದು ಕಾರಣವೂ ಉಂಟು. ಬಾಲ್ಕನಿಯ ಗೂಡಿಗೆ ಅವರನ್ನು ಸೇರಿಸಿದರೆ ಅವರು ದಾರಿ ಬಿಟ್ಟುದು ಪೂರ್ಣವಾದಂತೆಯೇ. ನಡುಮನೆಯಲ್ಲಿ ಒಬ್ಬರಿಗೂ ಅಡ್ಡಿಯಿರದು. ಅವರ ಕಡೆಗೆ ಯಾರ ಕಣ್ಣೂ ಹೋಗದು. ವಯಸ್ಸಾದವರಿಗೆ ಮರೆ ಬೇಕು, ಮರೆವು ಬೇಡ. ಜಗಲಿಯ ಮೂಲೆಯಲ್ಲಿ ಅವರಿಗಿದ್ದ ಸುಖವಾದರೂ ಎಂತಹದು? ಬೆನ್ನಿಗೆ ಗೋಡೆ, ಪಕ್ಕಕ್ಕೆ ಕಂಬ, ಎದುರಿಗೆ ಬೀದಿ. ಹಿಂದಿನಿಂದ ಯಾರೂ ಬರಲಾರರು, ಮುಂದಿನಿಂದ ಬಂದವರೆಲ್ಲ ಮಾತಾಡಿಸಿಯೇ ಹೋಗಬೇಕು. ಯಾಕೋಬ್ಸನ್ ಅವರು ಗಾಜಿನ ಹೋಟೆಲಿನಲ್ಲಿ ಕಷ್ಟಪಟ್ಟು ದೊರಕಿಸಿದ್ದು ಇದೇ ಜಗಲಿಯ ಮೂಲೆಯನ್ನಲ್ಲವೆ?

ಆದ್ದರಿಂದ ಕುರ್ಚಿಗಿಂತ ಮೊದಲು ಜಾಗವನ್ನು ಗೊತ್ತುಮಾಡಿ. ಟೆಲಿವಿಷನ್ನನ್ನು ಸ್ಥಳ ಬದಲಾಯಿಸಿಯಾದರೂ ಸರಿ, ನಡುಮನೆಯಲ್ಲಿ ಎರಡು ಗೋಡೆಗಳು ಕೂಡುವ, ಮುಂಬಾಗಿಲು ಕಾಣುವ, ಯಾರೂ ಹಾದುಹೋಗದ ಮೂಲೆಯನ್ನು ಬಿಡಿಸಿಕೊಡಿ. ಬೆತ್ತದ ಕೆಲಸದವರಲ್ಲಿ ಅಳತೆ ಕೊಟ್ಟು, ನಾಲ್ಕು ಕಾಲೂ ಗಟ್ಟಿಯಾಗಿ ಊರುವ ಕುರ್ಚಿಯನ್ನು ಮಾಡಿಸಿ. ಆಸನ ನೆಲದಿಂದ ಹದಿನೆಂಟು ಅಂಗುಲವಿರಲಿ. ಮೊಣಕಾಲಿನ ಎತ್ತರವನ್ನು ಅಳೆದು ಒಂದಂಗುಲ ಆಚೀಚೆ ಮಾಡಬಹುದು. ಬೆನ್ನು ತಲೆಯವರೆಗೆ ಬಂದು ಎರಡು ಪಕ್ಕಕ್ಕೂ ಕಿವಿಯ ಮಟ್ಟದಲ್ಲಿ ಸ್ವಲ್ಪವೇ ಬಾಗಲಿ. ಪೂರ್ತಿ ಮುಚ್ಚಿದರೆ ಕರೆದದ್ದು ಕೇಳಿಸದು. ಕೈಗಳು ಆಸನದ ಮುಂದಿನ ಅಂಚಿನವರೆಗೂ ಚಾಚಿರಲಿ, ಊರಿ ಏಳುವಾಗ ಅಲುಗಬಾರದು. ಅಳತೆಯ ದಿನ ಮಾವನವರನ್ನೇ ಜೊತೆಗೆ ಕರೆದೊಯ್ಯಿರಿ. “ನನಗೇಕೆ” ಎಂದವರು ಬೆತ್ತದ ಗುಣದೋಷಗಳನ್ನು ಅಂಗಡಿಯವನಿಗೇ ವಿವರಿಸತೊಡಗಿದರೂ ಆಶ್ಚರ್ಯವಿಲ್ಲ.

ದೀಪವನ್ನು ಮಾತ್ರ ಮರೆಯದಿರಿ. ವಯಸ್ಸಾದ ಕಣ್ಣಿನ ಮಸೂರ ಮಬ್ಬಾಗುವುದರಿಂದ ಓದಲು ಬೆಳಕು ಹೆಚ್ಚು ಬೇಕು. ಆದರೆ ನೇರವಾಗಿ ಬಿದ್ದ ಪ್ರಖರತೆಯನ್ನು ಅದೇ ಕಣ್ಣು ನಮಗಿಂತ ಕಡಮೆ ತಾಳುತ್ತದೆ. ಕಾಗದದ ಅಥವಾ ಬಟ್ಟೆಯ ಮುಚ್ಚಳವುಳ್ಳ ನಿಲುದೀಪವೊಂದನ್ನು ಕುರ್ಚಿಯ ಪಕ್ಕಕ್ಕೆ, ತುಸು ಹಿಂದಕ್ಕೆ ನಿಲ್ಲಿಸಿ. ಈಗಿನ ಎಲ್.ಇ.ಡಿ. ಬಲ್ಬುಗಳು ಹಳೆಯ ಬಲ್ಬುಗಳಷ್ಟು ಕಾಯುವುದಿಲ್ಲವಾದ್ದರಿಂದ ಕಾಗದ ಸುಡುವ ಅಂಜಿಕೆ ಬಹಳ ಕಡಮೆ. ಕುಳಿತವರ ಕಣ್ಣಿನ ಮಟ್ಟಕ್ಕೆ ಮುಚ್ಚಳದ ಕೆಳಗಿನ ಅಂಚು ಬರಬೇಕು. ನೀವೇ ಒಮ್ಮೆ ಆ ಕುರ್ಚಿಯಲ್ಲಿ ಕುಳಿತು, ಬಲ್ಬು ಕಾಣುತ್ತದೆಯೋ ಎಂದು ನೋಡಿ. ತಂತಿಯನ್ನು ಗೋಡೆಯ ಬುಡದಲ್ಲಿಯೇ ಎಳೆಸಿ, ಕಾಲಿಗೆ ತೊಡರದಂತೆ. ಸ್ವಿಚ್ಚು ಅವರು ಕುಳಿತಲ್ಲಿಂದಲೇ ಕೈಗೆ ಸಿಗುವಂತಿರಲಿ. ಯಾವ ಕೈಗೆ ಎಂಬುದನ್ನು ಅವರನ್ನೇ ಕೇಳಿ.